ಕ್ಯುಸೆಕ್ ಲೆಕ್ಕ ನಮಗೆ ಸಾಲದು, ಊರಿನ ನೀರಿನ ಗುರುತು ಬೇಕು: ಕೃಷ್ಣಾ ಕಣಿವೆಯ ನೆರೆ, ಬರ ಮತ್ತು ನಮ್ಮ ತಯಾರಿ

ಹೊಳೆಸಾಲಿನ ರೈತ, ಜಮಖಂಡಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಮುಂಗಾರು ಇನ್ನೂ ಬಂದಿಲ್ಲ. ಹೊಳೆಯಲ್ಲಿ ಮೊಣಕಾಲು ಮಟ್ಟ ನೀರಿದೆ. ಈಗ ನೆರೆಯ ಮಾತು ಯಾಕೆ ಅಂತ ಅನ್ನಿಸಬಹುದು. ಜುಲೈ ಕೊನೆಗೆ ಈ ಮಾತು ಎತ್ತಿದರೆ ಕೇಳೋಕೆ ಯಾರಿಗೂ ಪುರಸೊತ್ತು ಇರೋದಿಲ್ಲ. ಅದಕ್ಕೇ ಈಗಲೇ ಬರೀತಿದ್ದೇನೆ.

2019ರ ಆಗಸ್ಟ್ ನೆನಪಿದೆ ಅಲ್ವಾ? ನಮ್ಮೂರಿನಲ್ಲಿ ಡಂಗುರ ಸಾರಿದರು. ವಾಟ್ಸಾಪ್‌ನಲ್ಲೂ ಬಂತು. ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಷ್ಟು ಲಕ್ಷ ಕ್ಯುಸೆಕ್, ದೂಧಗಂಗೆಯಿಂದ ಇಷ್ಟು ಸಾವಿರ ಕ್ಯುಸೆಕ್, ನದಿ ದಂಡೆಯವರು ಎಚ್ಚರದಿಂದಿರಬೇಕು ಅಂತ. ನಮ್ಮ ಅವ್ವ ಕೇಳಿದಳು: "ಅಷ್ಟು ಲಕ್ಷ ಅಂದ್ರೆ ನಮ್ಮ ಗೋದಲಿ ತನಕ ಬರ್ತದೋ, ಪಡಸಾಲಿ ತನಕ ಬರ್ತದೋ?" ನಾನು ಡಿಗ್ರಿ ಓದಿದವನು. ಉತ್ತರ ಗೊತ್ತಿರಲಿಲ್ಲ.

ಅವ್ವ ಎರಡು ಎಮ್ಮೆ ಬಿಟ್ಟು ಬರೋದಿಲ್ಲ ಅಂದಳು. ಎಮ್ಮೆ ಕಟ್ಟೋಕೆ ಕಾಳಜಿ ಕೇಂದ್ರದಲ್ಲಿ, ಅಂದರೆ ನೆರೆ ಸಂತ್ರಸ್ತರ ಶಿಬಿರದಲ್ಲಿ, ಜಾಗ ಇರಲಿಲ್ಲ. ನಾಳೆ ಬೆಳಿಗ್ಗೆ ನೋಡೋಣ ಅಂತ ಮಲಗಿದೆವು. ರಾತ್ರಿ 2 ಗಂಟೆಗೆ ಗೋದಲಿಗೆ ನೀರು ಬಂತು. ಹಗ್ಗ ನೆನೆದು ಗಂಟು ಬಿಗಿದುಬಿಟ್ಟಿತ್ತು. ಬಿಚ್ಚೋಕೆ ಬರಲಿಲ್ಲ. ಕುಡಗೋಲಿನಿಂದ ಕೊಯ್ದೆ. ಒಂದು ಎಮ್ಮೆ ನನ್ನ ಹಿಂದೆಯೇ ಬಂತು. ಇನ್ನೊಂದು ಗಾಬರಿಯಾಗಿ ಕಬ್ಬಿನೊಳಗೆ ನುಗ್ಗಿತು. ಅದು ಮತ್ತೆ ಸಿಗಲಿಲ್ಲ.

ನೀರು ಇಳಿದ ಮೇಲೆ ಊರಿನ ಹಿರಿಯರೊಬ್ಬರು ಒಂದು ಮಾತು ಹೇಳಿದರು. "ಹನುಮಪ್ಪನ ಗುಡಿಯ ನಾಲ್ಕನೇ ಮೆಟ್ಟಿಲು ಮುಳುಗಿತು ಅಂದ್ರೆ ನಿಮ್ಮ ಓಣಿಗೆ ಅವತ್ತೇ ರಾತ್ರಿ ನೀರು. 2005ರಲ್ಲೂ ಹಂಗೇ ಆಗಿತ್ತು." ಈ ಮಾತು ಹಿಂದಿನ ದಿನ ಸಂಜೆ ಯಾರಾದರೂ ಹೇಳಿದ್ದರೆ ನಮ್ಮ ಎಮ್ಮೆ ಉಳೀತಿತ್ತು. ಹಿರಿಯರು ಬಚ್ಚಿಟ್ಟಿರಲಿಲ್ಲ. ನಾವು ಕೇಳಿರಲಿಲ್ಲ, ಯಾರೂ ಬರೆದೂ ಇಟ್ಟಿರಲಿಲ್ಲ.

ನನ್ನ ಆಸೆ ಇಷ್ಟೇ. ಹೊಳೆಸಾಲಿನ ಪ್ರತಿ ಊರಿನಲ್ಲೂ ಒಂದು ನೀರಿನ ಪುಸ್ತಕ ಇರಬೇಕು. ಯಾವ ಮೆಟ್ಟಿಲು ಮುಳುಗಿದರೆ ಯಾವ ಓಣಿ, ಯಾವ ರಸ್ತೆ ಮೊದಲು ಕಟ್ಟಾಗುತ್ತೆ, ದನ ಎಲ್ಲಿ ಕಟ್ಟಬೇಕು, ಎಲ್ಲಾ ಅದರಲ್ಲಿರಬೇಕು. ಬೇಸಿಗೆಯಲ್ಲಿ ಯಾವ ಬಾವಿ ಯಾವ ತಿಂಗಳು ಬತ್ತಿತು ಅನ್ನೋದೂ ಅದರಲ್ಲೇ. ನಮ್ಮ ಹೊಳೆ ಎರಡೂ ತೋರಿಸಿದೆ. ನಿಮ್ಮ ಊರುಗಳಲ್ಲಿ ಏನು ಮಾಡಿದ್ದೀರಿ, ದಯವಿಟ್ಟು ಹೇಳಿ.

ಸಾಂಗಲಿ ಕನ್ನಡಿಗ

ನಿಮ್ಮ ಅವ್ವನ ಪ್ರಶ್ನೆ ಓದಿ ಮನಸ್ಸು ಭಾರವಾಯಿತು. ನಮ್ಮ ಸಾಂಗಲಿಯಲ್ಲಿ ಕ್ಯುಸೆಕ್ ಅಂತ ಯಾರೂ ಮಾತಾಡೋದಿಲ್ಲ. ಮಳೆಗಾಲದಲ್ಲಿ ಚಹಾ ಅಂಗಡಿಗೆ ಹೋದರೆ ಮೊದಲ ಮಾತು "ಐರ್ವಿನ್ ಎಷ್ಟು ಅಡಿ?" ಅಂತ. ಕೃಷ್ಣೆಯ ಮೇಲಿನ ಐರ್ವಿನ್ ಸೇತುವೆಯಲ್ಲಿ ನೀರಿನ ಮಟ್ಟ ನೋಡ್ತಾರೆ. 40 ಅಡಿ ಅಂದರೆ ಎಚ್ಚರಿಕೆ, 45 ಅಡಿ ಅಂದರೆ ಅಪಾಯ. ಯಾವ ಓಣಿಗೆ ಎಷ್ಟು ಅಡಿಗೆ ನೀರು ಬರುತ್ತೆ ಅಂತ ಓಣಿಯವರಿಗೆ ಬಾಯಿಪಾಠ. ಕೊಲ್ಹಾಪುರದವರೂ ಹೀಗೇ. ಪಂಚಗಂಗೆಗೆ ರಾಜಾರಾಮ ಬಂಧಾರ ನೋಡ್ತಾರೆ, ಅಲ್ಲಿ 39 ಎಚ್ಚರಿಕೆ, 43 ಅಪಾಯ.

ಆದರೂ 2019ರಲ್ಲಿ ನಮಗೆ ಪೆಟ್ಟು ಬಿತ್ತು. ಐರ್ವಿನ್‌ನಲ್ಲಿ ನೀರು 57 ಅಡಿ ದಾಟಿತು. 2005ರ ಗುರುತು ನೋಡಿಕೊಂಡು "ನಮ್ಮ ಮನೆಗೆ ಆಗಲೂ ಬಂದಿಲ್ಲ, ಈಗಲೂ ಬರಲ್ಲ" ಅಂತ ಕೂತವರೇ ಜಾಸ್ತಿ ಸಿಕ್ಕಿಹಾಕಿಕೊಂಡರು. ನಮ್ಮ ಮನೆಯವರೂ ಅದರಲ್ಲಿ ಸೇರಿದ್ದರು. ಹಳೆಯ ಗುರುತು ಬೇಕು, ಆದರೆ ಅದೇ ಕೊನೆ ಅಂತ ನಂಬಬಾರದು. ನಿಮ್ಮ ಪುಸ್ತಕದಲ್ಲಿ ಈ ಮಾತು ಮೊದಲ ಪುಟದಲ್ಲೇ ಬರೀರಿ.

ನಿವೃತ್ತ ಇಂಜಿನಿಯರ್, ಬಾಗಲಕೋಟೆ

ನಾನು ನೀರಾವರಿ ಕೆಲಸದಲ್ಲಿ ವರ್ಷಗಟ್ಟಲೆ ಇದ್ದವನು. ಕ್ಯುಸೆಕ್ ಬೇಡ ಅಂತ ಬಿಟ್ಟುಬಿಡಬೇಡಿ. ಅದನ್ನು ನಿಮ್ಮ ಮೆಟ್ಟಿಲಿನ ಜೊತೆ ಕೂಡಿಸಿ ಬರೀರಿ. ಕ್ಯುಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಅದು ಹರಿವು. ಮೆಟ್ಟಿಲು ಅಂದರೆ ಎತ್ತರ. ಹರಿವು ಒಂದೇ ಇದ್ದರೂ ಎತ್ತರ ಒಂದೇ ಇರಬೇಕು ಅಂತಿಲ್ಲ. ಆಲಮಟ್ಟಿ ಹಿನ್ನೀರು ಎಷ್ಟಿದೆ, ಹೊಳೆಯ ಪಾತ್ರದಲ್ಲಿ ಜಾಲಿ ಎಷ್ಟು ಬೆಳೆದಿದೆ, ದಂಡೆಗೆ ಮಣ್ಣು ಎಷ್ಟು ತುಂಬಿದ್ದಾರೆ, ಉಪನದಿಗಳಿಂದ ಅದೇ ಹೊತ್ತಿಗೆ ಎಷ್ಟು ಬರ್ತಿದೆ, ಇವೆಲ್ಲದರ ಮೇಲೆ ನಿಂತಿದೆ. ಅದಕ್ಕೇ ನಾಲ್ಕೈದು ಮಳೆಗಾಲ ಎರಡನ್ನೂ ಪಕ್ಕಪಕ್ಕ ಬರೆದರೆ ಮಾತ್ರ ನಿಮ್ಮ ಊರಿನ ಲೆಕ್ಕ ಸಿಗುತ್ತೆ.

ಇನ್ನೊಂದು. ನೀರು ಎಷ್ಟಿದೆ ಅನ್ನೋದಕ್ಕಿಂತ ಗಂಟೆಗೆ ಎಷ್ಟು ಬೆರಳು ಏರ್ತಿದೆ ಅನ್ನೋದು ಮುಖ್ಯ. ಸಂಜೆ 6ಕ್ಕೆ, 7ಕ್ಕೆ, 8ಕ್ಕೆ ನೋಡಿ ಬರೆದರೆ ರಾತ್ರಿ ಮಲಗಬೇಕೋ ಬೇಡವೋ ಗೊತ್ತಾಗುತ್ತೆ.

ಡ್ಯಾಮಿನ ಲೆಕ್ಕವನ್ನೂ ಒಂದ್ಸಲ ಹೇಳಿಬಿಡ್ತೇನೆ. "ಡ್ಯಾಮು ಇದ್ದೂ ನೆರೆ ಯಾಕೆ?" ಅಂತ ಎಲ್ಲರೂ ಕೇಳ್ತಾರೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಒಂದು ಲಕ್ಷ ಕ್ಯುಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತೆ. 2019ರಲ್ಲಿ ಆಲಮಟ್ಟಿಗೆ ಬರ್ತಿದ್ದ ನೀರು 5 ಲಕ್ಷ ಕ್ಯುಸೆಕ್ ದಾಟಿತ್ತು. ಅಂದರೆ ದಿನಕ್ಕೆ 43 ಟಿಎಂಸಿ. ಆಲಮಟ್ಟಿಯ ಸಾಮರ್ಥ್ಯ 519.60 ಮೀಟರ್ ಮಟ್ಟಕ್ಕೆ 123 ಟಿಎಂಸಿ. ಪೂರ್ತಿ ಖಾಲಿ ಇದ್ದರೂ ಮೂರು ದಿನದೊಳಗೆ ತುಂಬಿಬಿಡುತ್ತೆ. ಆಗಸ್ಟ್‌ನಲ್ಲಿ ಅದನ್ನು ಖಾಲಿ ಇಟ್ಟುಕೊಂಡು ಕೂರೋಕೆ ಆಗೋದೂ ಇಲ್ಲ. ಬೇಸಿಗೆಗೆ ನೀರು ಬೇಕಲ್ಲ. ಡ್ಯಾಮು ನೆರೆಯನ್ನು ಸ್ವಲ್ಪ ತಡೆದು, ಹಂಚಿ ಬಿಡಬಹುದು. ನುಂಗೋಕೆ ಆಗಲ್ಲ.

ಬೆಂಗಳೂರಿನಲ್ಲಿರೋ ರೋಣದ ಹುಡುಗ

ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ಪದೇ ಪದೇ ಮುಳುಗೋ ಊರನ್ನು ಎತ್ತರಕ್ಕೆ ಸ್ಥಳಾಂತರ ಮಾಡಿದರೆ ಮುಗೀತಲ್ಲ? 2009ರ ನೆರೆ ಆದಮೇಲೆ ಸಂತ್ರಸ್ತರಿಗೆ ಅಂತ ಸರ್ಕಾರದ ಆಸರೆ ಯೋಜನೆಯಲ್ಲಿ ಮನೆ ಕಟ್ಟಿದರು. ನಮ್ಮ ಮಾವನಿಗೂ ಒಂದು ಬಂತು. ಆದರೆ ಅವರು ಅಲ್ಲಿ ಇಲ್ಲ, ಹಳೇ ಮನೆಯಲ್ಲೇ ಇದ್ದಾರೆ. ಯಾಕೆ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ.

ಮಲಪ್ರಭೆ ದಂಡೆಯ ಮೇಷ್ಟ್ರು, ಬಾದಾಮಿ ತಾಲ್ಲೂಕು

ನಿಮ್ಮ ಮಾವನನ್ನೇ ಕೇಳಬೇಕಿತ್ತು ತಮ್ಮಾ. ಅವರು ಹೇಳೋ ಕಾರಣ ನನಗೆ ಗೊತ್ತು, ಯಾಕಂದರೆ ನನ್ನ ಶಾಲೆಯ ಮಕ್ಕಳ ಮನೆಗಳಲ್ಲಿ ಕೇಳಿದ್ದೇನೆ. ಹೊಲ ಹಳೇ ಊರಿನ ಪಕ್ಕ, ಆಸರೆ ಮನೆ ದೂರ. ಮನೆ ಚಿಕ್ಕದು. ದನ ಎಲ್ಲಿ ಕಟ್ಟೋದು, ಬಣವೆ ಎಲ್ಲಿ ಒಟ್ಟೋದು, ಎತ್ತಿನ ಬಂಡಿ ಎಲ್ಲಿ ನಿಲ್ಲಿಸೋದು? ಕೂಡು ಕುಟುಂಬದಲ್ಲಿ ಮೂವರು ಅಣ್ಣತಮ್ಮಂದಿರಿದ್ದರೆ ಒಂದೇ ಮನೆ ಬಂತು. ಕೆಲವು ಕಡೆ ನೀರು, ದಾರಿ ಬರೋ ಹೊತ್ತಿಗೆ ಮನೆಯ ಬಾಗಿಲೇ ಹಾಳಾಗಿತ್ತು. ಎತ್ತರಕ್ಕೆ ಹೋಗೋದು ತಪ್ಪಲ್ಲ. ಆದರೆ ರೈತನ ಮನೆ ಅಂದರೆ ನಾಲ್ಕು ಗೋಡೆ ಅಷ್ಟೇ ಅಲ್ಲ. ಮನೆ ನಕ್ಷೆ ಬರೆಯೋ ಮೊದಲು ಮನೆಯ ಹೆಣ್ಣುಮಗಳನ್ನು ಕೂರಿಸಿಕೊಂಡು ಕೇಳಿದ್ದರೆ ಎಷ್ಟೋ ಊರು ಇವತ್ತು ಮೇಲೆ ಇರ್ತಿದ್ದವು.

ಮಲಪ್ರಭೆಯ ಕಥೆ ಕೃಷ್ಣೆಗಿಂತ ಬೇರೆ. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮ ಸೇರೋ ಹೊಳೆ ಇದು. ಇದರ ಮೇಲಿನ ನವಿಲುತೀರ್ಥ ಡ್ಯಾಮಿನ ಸಾಮರ್ಥ್ಯ 37 ಟಿಎಂಸಿ. ಎಷ್ಟೋ ವರ್ಷ ಅದು ತುಂಬೋದೇ ಇಲ್ಲ. ಹೊಳೆಯಲ್ಲಿ ನೀರು ದಾರದ ಎಳೆ ಹಾಗೆ ಹರಿಯುತ್ತೆ. ಜನ ನೋಡಿ ನೋಡಿ ಹೊಳೆ ಸತ್ತಿತು ಅಂದುಕೊಂಡರು. ದಂಡೆ ಒತ್ತಿದರು, ಪಾತ್ರದೊಳಗೇ ಬಿತ್ತಿದರು, ಉಳಿದ ಕಡೆ ಜಾಲಿ ತುಂಬಿತು. 2019ರಲ್ಲಿ ಡ್ಯಾಮು ತುಂಬಿ ನೀರು ಬಿಟ್ಟಾಗ ಹೊಳೆಗೆ ಹರಿಯೋಕೆ ದಾರಿಯೇ ಇರಲಿಲ್ಲ. ಊರೊಳಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳೂ ನೀರಿನಲ್ಲಿ ನಿಂತವು. ರಾಮದುರ್ಗ, ಕೊಣ್ಣೂರು, ಹೊಳೆಆಲೂರು, ಎಲ್ಲಾ ಕಡೆ ಅದೇ ಗೋಳು. ಬೆಣ್ಣೆಹಳ್ಳದ ನೀರೂ ಸೇರಿಕೊಂಡರೆ ಕೇಳೋದೇ ಬೇಡ. ಯರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ, ಕೆರೆಯಾಗಿಬಿಡುತ್ತೆ.

ಒತ್ತುವರಿ ಮಾಡಿದವರು ದೊಡ್ಡವರೂ ಇದ್ದಾರೆ, ಒಂದೆಕರೆಯ ಬಡವರೂ ಇದ್ದಾರೆ. ಬಡವನ ಅರ್ಧ ಎಕರೆ ಮಾತ್ರ ಬಿಡಿಸಿ ದೊಡ್ಡವರದ್ದು ಬಿಟ್ಟರೆ ಯಾರೂ ಒಪ್ಪೋದಿಲ್ಲ. ಒಪ್ಪಬಾರದು ಕೂಡ. ಹೊಳೆಯ ಎಲ್ಲೆ ಅಳತೆ ಮಾಡಿ ಕಲ್ಲು ನೆಡೋ ಕೆಲಸ ಗ್ರಾಮಸಭೆಯಲ್ಲಿ ಎಲ್ಲರ ಎದುರು ಆಗಬೇಕು.

ನೀರಿನ ಗುರುತಿನ ಕೆಲಸ ನಮ್ಮ ಶಾಲೆಯಲ್ಲಿ ಸ್ವಲ್ಪ ಮಾಡಿದ್ದೇವೆ. ಆಮೇಲೆ ಬರೀತೇನೆ, ಈಗ ಗಂಟೆ ಹೊಡೀತು.

ಆಶಾ ಕಾರ್ಯಕರ್ತೆ, ಚಿಕ್ಕೋಡಿ ಕಡೆ

ಇಲ್ಲಿ ಎಲ್ಲರೂ ನೀರಿನ ಮಾತು ಆಡ್ತಿದ್ದೀರಿ. ನಾನು ಮನೆಯೊಳಗಿನ ಮಾತು ಹೇಳ್ತೇನೆ.

ನಮ್ಮ ಕಡೆ ಕಲ್ಲೋಳ-ಯಡೂರು ಸೇತುವೆ, ಕಾರದಗಾ-ಭೋಜ ಸೇತುವೆ, ಇಂಥ ಕೆಳಮಟ್ಟದ ಸೇತುವೆಗಳು ಮುಳುಗೋದು ಮಳೆಗಾಲದಲ್ಲಿ ಮಾಮೂಲು. ಊರಿಗೆ ನೀರು ಬರೋ ಎಷ್ಟೋ ದಿನ ಮೊದಲೇ ಆಸ್ಪತ್ರೆಯ ದಾರಿ ಕಟ್ಟಾಗಿರುತ್ತೆ. ಅದಕ್ಕೇ ನಾನು ಜೂನ್ ಕೊನೆಗೇ ಒಂದು ಪಟ್ಟಿ ಮಾಡ್ತೇನೆ. ಜುಲೈ, ಆಗಸ್ಟ್‌ನಲ್ಲಿ ಹೆರಿಗೆಯ ದಿನ ಇರೋರು ಯಾರು? ಅವರನ್ನು ಸೇತುವೆ ಮುಳುಗೋ ಮೊದಲೇ ಆಚೆ ದಂಡೆಯ ನೆಂಟರ ಮನೆಗೆ ಕಳಿಸ್ತೇವೆ. ಡಯಾಲಿಸಿಸ್‌ಗೆ ಹೋಗೋರು, ಇನ್ಸುಲಿನ್ ತಗೊಳ್ಳೋರು, ಬಿಪಿ ಮಾತ್ರೆಯವರು, ಫಿಟ್ಸ್ ಮಾತ್ರೆಯವರು, ಹಾಸಿಗೆ ಹಿಡಿದವರು, ಎಲ್ಲರ ಹೆಸರೂ ಇರುತ್ತೆ. ಒಂದು ತಿಂಗಳ ಮಾತ್ರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಡಿ ಅಂತೇನೆ. ದೇವರ ಗೂಡು ಯಾಕಂದರೆ ಮನೆ ಬಿಡೋವಾಗ ಕೈ ಮುಗಿಯೋಕೆ ಎಲ್ಲರೂ ಅಲ್ಲಿಗೆ ಹೋಗೇ ಹೋಗ್ತಾರೆ.

ಕಾಳಜಿ ಕೇಂದ್ರದ ಬಗ್ಗೆಯೂ ಹೇಳಲೇಬೇಕು. ನೂರಾರು ಜನ ಇರೋ ಕಡೆ ಎರಡು ಶೌಚಾಲಯ ಇದ್ದರೆ ಹೆಂಗಸರು ನೀರು ಕುಡಿಯೋದನ್ನೇ ಬಿಡ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಉರಿಮೂತ್ರ, ಜ್ವರ. ಕತ್ತಲಾದರೆ ಹುಡುಗಿಯರು ಹೊರಗೆ ಹೋಗೋಕೆ ಹೆದರ್ತಾರೆ. ಒಂದು ಬಲ್ಬು, ಒಂದು ಚಿಲಕ, ಪ್ಯಾಡಿನ ಒಂದು ಡಬ್ಬ. ಇಷ್ಟಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಸ್ವಸಹಾಯ ಸಂಘದವರು ಮೇ ತಿಂಗಳಲ್ಲೇ ಶಾಲೆಗೆ ಹೋಗಿ ಚಿಲಕ ನೋಡಿ ಬಂದರೆ ಆಗುತ್ತೆ.

ಇನ್ನೊಂದು, ದನಗಳಿಗೆ ಗಂಟಲು ಬೇನೆಯ ಲಸಿಕೆ ಮಳೆಗೆ ಮೊದಲೇ ಹಾಕಿಸಿ. ನೆರೆಯಿಂದ ಪಾರಾದ ದನ ಆಮೇಲೆ ರೋಗದಿಂದ ಸತ್ತರೆ ಅದರ ಸಂಕಟ ಹೇಳತೀರದು.

ಹೊಳೆಸಾಲಿನ ರೈತ, ಜಮಖಂಡಿ ತಾಲ್ಲೂಕು

ಅಕ್ಕಾ, ನಿಮ್ಮ ಪಟ್ಟಿ ನಮ್ಮ ಪುಸ್ತಕದೊಳಗೆ ಹಾಗೇ ಸೇರಿಸ್ತೇವೆ. ದನದ ಮಾತು ಬಂತಲ್ಲ, ಅದಕ್ಕೂ ಒಂದು ತೀರ್ಮಾನ ಮಾಡಿದ್ದೇವೆ. ಊರ ಮಡ್ಡಿಯ ಮೇಲೆ, ಎತ್ತರದಲ್ಲಿ, ದನ ಮೇಯೋಕೆ ಬಿಟ್ಟ ಎರಡು ಎಕರೆ ಗಾಯರಾಣ ಇದೆ. ಅಲ್ಲಿ ಗೂಟ ಹೊಡೆದು, ತಗಡು ಹಾಕಿ, ಮೇವಿನ ಬಣವೆ ಒಟ್ಟಬೇಕು ಅಂತ. ಮನೆಗೆ ಹತ್ತು ಸೂಡು ಕಣಿಕೆ. ನೆರೆ ಬಂದರೆ ನೆರೆಗೆ, ಬರ ಬಂದರೆ ಬರಕ್ಕೆ. ದನಕ್ಕೆ ಜಾಗ ಇದೆ ಅಂತ ಗೊತ್ತಾದರೆ ಜನ ಹೊತ್ತಿಗೆ ಸರಿಯಾಗಿ ಮನೆ ಬಿಡ್ತಾರೆ. ಇದು ನನ್ನ ಗಟ್ಟಿ ನಂಬಿಕೆ. ನಮ್ಮ ಅವ್ವನೂ ಹೊರಡ್ತಿದ್ದಳು.

ಭೀಮಾತೀರ, ಅಫಜಲಪುರ

ನೀವು ಕೃಷ್ಣೆಯವರು ನೆರೆ ಅಂದರೆ ಆಗಸ್ಟ್ ಅಂತೀರಿ. ನಮಗೆ 2020ರಲ್ಲಿ ಅಕ್ಟೋಬರ್‌ನಲ್ಲಿ ಬಂತು. ಮಳೆಗಾಲ ಮುಗೀತು ಅಂತ ಎಲ್ಲರೂ ನಿರಾಳವಾಗಿದ್ದ ಹೊತ್ತು. ಸೊಲ್ಲಾಪುರ ಕಡೆ ಜೋರು ಮಳೆ, ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ನೀರು, ಇಲ್ಲಿ ನಮ್ಮ ತಲೆ ಮೇಲೂ ಮಳೆ. ಅಫಜಲಪುರದಿಂದ ಯಾದಗಿರಿ ತನಕ ಭೀಮೆ ಊರೊಳಗೆ ಬಂದಳು. ತೊಗರಿ ಹೊಲದಲ್ಲಿ ನಿಂತಿತ್ತು. ಯರಿ ಮಣ್ಣಿನಲ್ಲಿ ನಾಲ್ಕು ದಿನ ನೀರು ನಿಂತರೆ ತೊಗರಿಯ ಬೇರು ಕೊಳೆಯುತ್ತೆ. ನಿಂತ ಗಿಡ ನಿಂತಲ್ಲೇ ಒಣಗಿತು.

ಅದೇ ಹೊಳೆ ಏಪ್ರಿಲ್‌ನಲ್ಲಿ ಮರಳು. 2023ರ ಬರ ನೆನಪು ಮಾಡಿಕೊಳ್ಳಿ. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಮುಂದಿನ ಬೇಸಿಗೆಯಲ್ಲಿ ನಾವು ಹೊಳೆಯಲ್ಲೇ ಗುಂಡಿ ತೋಡಿ ಬಿಂದಿಗೆಗೆ ನೀರು ಮೊಗೆದಿದ್ದೇವೆ. ನನ್ನ ಹೆಂಡತಿ ಬೆಳಿಗ್ಗೆ 4ಕ್ಕೆ ಎದ್ದು ಹೋಗ್ತಿದ್ದಳು. ಬಟ್ಟಲಿನಿಂದ ಒಂದೊಂದೇ ಬಟ್ಟಲು ಮೊಗೆಯಬೇಕು. ಒಂದು ಬಿಂದಿಗೆ ತುಂಬೋಕೆ ಅರ್ಧ ಗಂಟೆ.

ಇಂಜಿನಿಯರ್ ಸಾಹೇಬರೇ, ನಿಮ್ಮ ಲೆಕ್ಕ ಸರಿ ಇರಬಹುದು. ಆದರೆ ಮೇಲಿನವರು ಬೇಸಿಗೆಯಲ್ಲಿ ಹಿಡೀತಾರೆ, ಮಳೆಗಾಲದಲ್ಲಿ ಒಮ್ಮೆಲೇ ಬಿಡ್ತಾರೆ. ಕೆಳಗಿನವರು ನಾವು ಎರಡೂ ಸಲ ಅನುಭವಿಸ್ತೇವೆ. ಊರವರು ಪುಸ್ತಕ ಬರೆದುಕೊಂಡರೆ ಇದು ಸರಿಹೋಗುತ್ತಾ?

ನಿವೃತ್ತ ಇಂಜಿನಿಯರ್, ಬಾಗಲಕೋಟೆ

ಪುಸ್ತಕದಿಂದ ಅದು ಸರಿಹೋಗಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು. ಮಳೆಯ ಮುನ್ಸೂಚನೆ ನೋಡಿ ಎರಡು-ಮೂರು ದಿನ ಮೊದಲೇ ಸ್ವಲ್ಪ ಸ್ವಲ್ಪ ಬಿಡೋ ಪದ್ಧತಿ ಗಟ್ಟಿಯಾಗಬೇಕು. ಬಿಟ್ಟ ಮೇಲೆ ಮಳೆ ಬಾರದಿದ್ದರೆ "ನೀರು ಚೆಲ್ಲಿದಿರಿ" ಅಂತ ಬೈಸಿಕೊಳ್ಳೋ ಭಯ ಅಧಿಕಾರಿಗಳಿಗೆ ಇರುತ್ತೆ. ನಾನೂ ಆ ಭಯದಲ್ಲಿ ರಾತ್ರಿ ಕಳೆದಿದ್ದೇನೆ. ಮಹಾರಾಷ್ಟ್ರದ ಕೊಯ್ನಾ ಡ್ಯಾಮು ಕಟ್ಟಿದ್ದು ಮುಖ್ಯವಾಗಿ ಕರೆಂಟಿಗೆ. ನಮ್ಮ ಡ್ಯಾಮುಗಳನ್ನು ಕಟ್ಟಿದ್ದು ಮುಖ್ಯವಾಗಿ ನೀರಾವರಿಗೆ. ನೆರೆ ತಡೆಯೋಕೆ ಅಂತಲೇ ಜಾಗ ಖಾಲಿ ಇಡೋ ಲೆಕ್ಕ ಇವುಗಳಲ್ಲಿ ಕಡಿಮೆ.

ಈಗ ಮಳೆಯ ನಡತೆಯೂ ಬದಲಾಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ತೇವ ಹಿಡಿಯುತ್ತೆ. ಹಿಡಿದದ್ದನ್ನು ಒಂದೇ ಸಲಕ್ಕೆ ಸುರಿಯುತ್ತೆ. ತಿಂಗಳ ಮಳೆ ನಾಲ್ಕು ದಿನದಲ್ಲಿ ಬಂದು ಆಮೇಲೆ ತಿಂಗಳು ಒಣಗಿದರೆ ಹಳೆಯ ಲೆಕ್ಕ ನಡೆಯೋದಿಲ್ಲ.

ಸಾಂಗಲಿ ಕನ್ನಡಿಗ

ಮೇಲಿನವರು ಅಂತ ನಮ್ಮನ್ನು ಅಂದಿರಿ. ನಮ್ಮಲ್ಲಿ ಜನ ಆಲಮಟ್ಟಿಯಿಂದಲೇ ಸಾಂಗಲಿ ಮುಳುಗಿತು ಅಂತಾರೆ. 2019ರ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ ಆಲಮಟ್ಟಿ ಕಾರಣ ಅಂತ ಹೇಳಲಿಲ್ಲ. ಕಡಿಮೆ ದಿನದಲ್ಲಿ ಸುರಿದ ವಿಪರೀತ ಮಳೆ ಮತ್ತು ಹೊಳೆಯ ಜಾಗದಲ್ಲಿ ಕಟ್ಟಿದ ಕಟ್ಟಡಗಳ ಕಡೆ ಬೆರಳು ತೋರಿಸಿತು. ಆದರೂ ವಾದ ನಿಂತಿಲ್ಲ. ಆಲಮಟ್ಟಿ ಡ್ಯಾಮಿನ ಎತ್ತರ ಹೆಚ್ಚಿಸೋ ಜಗಳ ದೊಡ್ಡವರು ಮಾಡಿಕೊಳ್ಳಲಿ. ಐರ್ವಿನ್ ಅಡಿ ಎಷ್ಟು ಅಂತ ನಿತ್ಯ ಸಂಜೆ ನಿಮಗೆ ಕಳಿಸೋಕೆ ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಜೂನ್‌ನಿಂದ ಕಳಿಸ್ತೇನೆ. ನೀವು ಅದನ್ನು ನಿಮ್ಮ ಮೆಟ್ಟಿಲಿನ ಪಕ್ಕ ಬರೆದುಕೊಳ್ಳಿ.

ಹೊಳೆಸಾಲಿನ ರೈತ, ಜಮಖಂಡಿ ತಾಲ್ಲೂಕು

ಅಣ್ಣಾ, ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಭೀಮಾತೀರದ ಅಣ್ಣನ ಮಾತಿಗೆ ಒಂದು ಸೇರಿಸ್ತೇನೆ. ಊರವರು ಸೇರಿದರೆ ಏನಾಗುತ್ತೆ ಅಂತ ಕೇಳಿದಿರಿ. ನಮ್ಮ ಚಿಕ್ಕಪಡಸಲಗಿ ಬ್ಯಾರೇಜ್ ನೋಡಿ. ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಪಂಪ್‌ಸೆಟ್ಟುಗಳು ಸುಮ್ನೆ ನಿಲ್ತಿದ್ದವು. ಸರ್ಕಾರ ಕಟ್ಟಲಿ ಅಂತ ಕಾದು ಕಾದು ಸಾಕಾಗಿ, ರೈತರೇ ಹಣ ಹಾಕಿ, ಮೈ ಮುರಿದು ದುಡಿದು 1989ರಲ್ಲಿ ಬ್ಯಾರೇಜ್ ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡರು. ಅದಕ್ಕೇ ಅವರಿಗೆ ಬ್ಯಾರೇಜ್ ಸಿದ್ದು ಅಂತಲೇ ಹೆಸರು ಬಂತು. ಜಲಾಶಯಕ್ಕೆ ಇಟ್ಟ ಹೆಸರು ಶ್ರಮಬಿಂದು ಸಾಗರ. ಬೆವರಿನ ಹನಿಯ ಸಾಗರ. ನಮ್ಮ ಅಪ್ಪನೂ ಅಲ್ಲಿ ಬುಟ್ಟಿ ಹೊತ್ತಿದ್ದರು. ಅವರ ಬಲ ಭುಜದ ಮೇಲೆ ಒಂದು ಗಂಟು ಕೊನೇ ತನಕ ಇತ್ತು. ಅದನ್ನು ಮುಟ್ಟಿಸಿ "ಇದು ಬ್ಯಾರೇಜಿನ ಗಂಟು" ಅಂತ ಮೊಮ್ಮಕ್ಕಳಿಗೆ ಹೇಳ್ತಿದ್ದರು.

ಕಟ್ಟಿ ಬಿಟ್ಟದ್ದಲ್ಲ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಆಲಮಟ್ಟಿ ಹಿನ್ನೀರನ್ನು ಪಂಪ್ ಹಚ್ಚಿ ಮೇಲೆತ್ತಿ ಬ್ಯಾರೇಜಿಗೆ ತುಂಬಿಸಿದ್ದಾರೆ. ಹೊಳೆಯನ್ನು ಹಿಂದಕ್ಕೆ ಹರಿಸೋದು ಅಂದರೆ ಹುಡುಗಾಟವಲ್ಲ. ಆ ಕೆಲಸಕ್ಕೆ ಎಕರೆ ಲೆಕ್ಕದಲ್ಲಿ ವಂತಿಗೆ, ಯಾರು ಎಷ್ಟು ಕೊಟ್ಟರು ಅನ್ನೋ ಲೆಕ್ಕ, ಎಲ್ಲಾ ಬೇಕಾಗುತ್ತೆ. ನೆರೆಗೂ ಅದೇ ಒಗ್ಗಟ್ಟು ಯಾಕೆ ಬರಬಾರದು?

ಒಂದು ಕಹಿ ಮಾತೂ ಹೇಳಲೇಬೇಕು. ಆ ನೀರೆಲ್ಲಾ ಬಹುಪಾಲು ಕಬ್ಬಿಗೇ ಹೋಯಿತು. ಹೊಳೆಸಾಲಿನಲ್ಲಿ ಸವಳು-ಜವಳು ಹೆಚ್ಚಿತು. ನಮ್ಮದೇ ಒಂದೂವರೆ ಎಕರೆ ಬಿಳಿ ಉಪ್ಪು ಕಟ್ಟಿದೆ. ನಾನು ಈ ವರ್ಷ ಎರಡು ಎಕರೆ ಕಬ್ಬು ತೆಗೆದು ಗೋವಿನಜೋಳ, ಕಡಲೆ ಹಾಕ್ತಿದ್ದೇನೆ. ಮನೆಯಲ್ಲಿ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ.

ಭೀಮಾತೀರ, ಅಫಜಲಪುರ

ಬೆವರಿನ ಹನಿ ಅಂದಿರಲ್ಲ, ಅದು ಮನಸ್ಸಿಗೆ ನಾಟಿತು. ನಮ್ಮಲ್ಲಿ ನಾಲ್ಕು ಮಂದಿ ಸೇರಿ ಇಷ್ಟು ಮಾಡಿದ್ದೇವೆ: ತೊಗರಿ ಸಾಲಿನ ನಡುವೆ ಎತ್ತರದ ಮಡಿ, ಆಳದ ಬಸಿಗಾಲುವೆ. ನೀರು ನಿಲ್ಲಲ್ಲ. ಆ ಬಸಿಗಾಲುವೆಯನ್ನು ಹೊಲದ ಕೆಳಗಿನ ಕೃಷಿ ಹೊಂಡಕ್ಕೆ ತಿರುಗಿಸಿದ್ದೇವೆ. ಜಾಸ್ತಿ ಬಂದ ನೀರು ಹೊಂಡಕ್ಕೆ, ಹೂ ಬಿಡೋ ಹೊತ್ತಿಗೆ ಮಳೆ ಕೈಕೊಟ್ಟರೆ ಅದೇ ನೀರು ಗಿಡಕ್ಕೆ. ತೊಗರಿ ಜೊತೆ ಅಕ್ಕಡಿಯಾಗಿ ಸಜ್ಜೆ, ಹೆಸರು. ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತೆ.

ಪರಿಹಾರದ ಮಾತು ಯಾರೂ ಎತ್ತಲಿಲ್ಲ. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ದರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000. ಅದೂ ಎರಡು ಹೆಕ್ಟೇರ್ ತನಕ ಮಾತ್ರ. ಬೀಜ, ಗೊಬ್ಬರದ ಖರ್ಚೂ ಹುಟ್ಟೋದಿಲ್ಲ. ಆ ದುಡ್ಡೂ ಪಹಣಿಯಲ್ಲಿ ಹೆಸರು ಇದ್ದವರಿಗೆ. ನಾನು ಲಾವಣಿ ಮಾಡೋನು, ಅಂದರೆ ಬೇರೆಯವರ ಹೊಲ ಗುತ್ತಿಗೆಗೆ ಹಿಡಿದು ಬಿತ್ತೋನು. ಬಿತ್ತಿದ್ದು ನಾನು, ಕಳಕೊಂಡದ್ದು ನಾನು, ದುಡ್ಡು ಬಂದದ್ದು ಹೊಲದ ಮಾಲೀಕರ ಖಾತೆಗೆ. ನಮ್ಮ ಮಾಲೀಕರು ಒಳ್ಳೆಯವರು, ಅರ್ಧ ಕೊಟ್ಟರು. ಎಲ್ಲರಿಗೂ ಅಂಥವರು ಸಿಗ್ತಾರಾ? ನಿಮ್ಮ ಪುಸ್ತಕದಲ್ಲಿ ಯಾವ ಹೊಲ ಯಾರು ಲಾವಣಿ ಮಾಡ್ತಿದ್ದಾರೆ ಅಂತಲೂ ಬರೆದು, ಮಾಲೀಕರ ಸಹಿ ಹಾಕಿಸಿಟ್ಟುಕೊಳ್ಳಿ. ಸರ್ಕಾರ ಒಪ್ಪಲಿ ಬಿಡಲಿ, ಊರು ಒಪ್ಪಿರುತ್ತೆ.

ಹೊಸಪೇಟೆಯಿಂದ ಒಬ್ಬರು

ತುಂಗಭದ್ರೆ ಕಡೆಯಿಂದ ಒಂದು ಮಾತು. 2023ರಲ್ಲಿ ಡ್ಯಾಮು ತುಂಬದೆ ಎರಡನೇ ಬೆಳೆಗೆ ನೀರೇ ಸಿಗಲಿಲ್ಲ. ಮರುವರ್ಷ ತುಂಬಿತು ಅಂತ ಖುಷಿಯಲ್ಲಿದ್ದೆವು. 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ 19ನೇ ಗೇಟು ಕೊಚ್ಚಿಹೋಯಿತು. ಒಂದು ವಾರ ಊರಿನಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಹರಿಯೋ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ ದಿನ ಕೆಲಸಗಾರರನ್ನು ಜನ ಹೆಗಲ ಮೇಲೆ ಹೊತ್ತುಕೊಂಡಷ್ಟು ಸಂತೋಷ. ಕಣಿವೆಯ ಜನ ಮಳೆಯನ್ನು ಮಾತ್ರ ನೋಡಿದರೆ ಸಾಲದು. ಗೇಟು, ಚೈನು, ಕಾಲುವೆ ಒಡ್ಡು, ಇವುಗಳ ತಪಾಸಣೆ ಯಾವಾಗ ಆಯಿತು ಅಂತ ಪ್ರತಿ ವರ್ಷ ಕೇಳಬೇಕು.

ಮಲಪ್ರಭೆ ದಂಡೆಯ ಮೇಷ್ಟ್ರು, ಬಾದಾಮಿ ತಾಲ್ಲೂಕು

ಆಗ ಅರ್ಧಕ್ಕೆ ನಿಲ್ಲಿಸಿದ್ದೆ. ನಮ್ಮ ಶಾಲೆಯ ಮಕ್ಕಳು ಮಾಡಿದ್ದು ಹೇಳ್ತೇನೆ.

ಎಂಟನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ನಿಮ್ಮ ಅಜ್ಜ-ಅಜ್ಜಿಯ ಹತ್ತಿರ 2009ರಲ್ಲಿ, 2019ರಲ್ಲಿ ನೀರು ಎಲ್ಲಿ ತನಕ ಬಂದಿತ್ತು ಅಂತ ಕೇಳಿ, ಆ ಜಾಗಕ್ಕೆ ಕರೆದುಕೊಂಡು ಹೋಗಿ ಕೈ ತೋರಿಸಿಕೊಂಡು ಬನ್ನಿ ಅಂತ. ಹಿರಿಯರು ತೋರಿಸಿದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸರಿ ಬರದಿದ್ದರೆ ಇಬ್ಬರನ್ನೂ ಕೂರಿಸಿ ಕೇಳಿದೆವು. ಒಂದು ಅಜ್ಜಿ ಆ ಗೋಡೆ ಮುಂದೆ ನಿಂತು ಅತ್ತುಬಿಟ್ಟರು. ಅವರ ಗಂಡ ಆ ನೆರೆಯ ಮರುತಿಂಗಳು ತೀರಿಕೊಂಡಿದ್ದರಂತೆ. ಮಕ್ಕಳು ಸುಮ್ಮನೆ ಅವರ ಕೈ ಹಿಡಿದು ನಿಂತರು. ಪಾಠ ಮಾಡಿ ಇದನ್ನು ಕಲಿಸೋಕೆ ಆಗ್ತಿರಲಿಲ್ಲ.

ಆಮೇಲೆ ಬಣ್ಣ ಬಳಿದೆವು. ಎರಡು ಮಳೆಗಾಲಕ್ಕೆ ಬಣ್ಣ ಹೋಯಿತು. ಕಡೆಗೆ ಊರಿನ ಕಲ್ಲುಕುಟಿಗರು ಉಳಿ ಹಿಡಿದು ಗೆರೆ ಕೊರೆದುಕೊಟ್ಟರು. ಗುಡಿಯ ಕಂಬದ ಮೇಲೆ ಬೇಡ ಅಂತ ಮೊದಲೇ ಹೇಳಿದ್ದೆ. ಹಳೆಯ ಗುಡಿಗಳನ್ನು ಮುಟ್ಟಬಾರದು, ಅದು ಕಾನೂನು ಪ್ರಕಾರವೂ ತಪ್ಪು. ಬೇರೆ ಕಲ್ಲು ನೆಟ್ಟು ಕೊರೆಸಿದೆವು. ಚೊಳಚಗುಡ್ಡದಲ್ಲಿ ಕೇಂದ್ರ ಜಲ ಆಯೋಗದ ನೀರಿನ ಮಾಪಕ ಇದೆ. ಅಲ್ಲಿಯ ಮಟ್ಟವನ್ನು ನಮ್ಮ ಕಲ್ಲಿನ ಜೊತೆ ಹೋಲಿಸಿ ಬರೆಯೋ ಪಾಳಿ ಮಕ್ಕಳದ್ದು. ಮಳೆಯ ಅಂಕಿ ಗ್ರಾಮ ಪಂಚಾಯಿತಿಯ ಮಳೆ ಮಾಪಕದಿಂದ ಸಿಗುತ್ತೆ. ಇಲ್ಲದಿದ್ದರೆ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಹೇಳ್ತಾರೆ.

ಮನೆ ಸರ್ವೆಯ ಬಗ್ಗೆ ಒಂದು ಎಚ್ಚರಿಕೆ. ಮಣ್ಣಿನ ಗೋಡೆ ಎಷ್ಟೋ ಸಲ ನೀರಿನಲ್ಲಿದ್ದಾಗ ಬೀಳೋದಿಲ್ಲ. ನೀರು ಇಳಿದು ಬಿಸಿಲು ಬಿದ್ದ ಮೇಲೆ ಬೀಳುತ್ತೆ. 2019ರಲ್ಲಿ ನನ್ನ ಅಣ್ಣನ ಮನೆಗೆ ಸರ್ವೆಯವರು ಬಂದಾಗ ಗೋಡೆ ನಿಂತಿತ್ತು, ಅಲ್ಪ ಹಾನಿ ಅಂತ ಬರೆದರು. ಮೂರನೇ ದಿನ ಇಡೀ ಗೋಡೆ ಕುಸಿಯಿತು. ಆಗ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಅಲ್ಪ ಹಾನಿಗೆ 50 ಸಾವಿರ ಪರಿಹಾರ ಇತ್ತು. ಎಷ್ಟು ಓಡಾಡಿದರೂ ಪಟ್ಟಿ ತಿದ್ದಲಿಲ್ಲ. ನೆರೆಗೆ ಮೊದಲೇ ಮನೆಯ ನಾಲ್ಕೂ ಗೋಡೆಯ ಫೋಟೋ ತೆಗೆದಿಡಿ. ನೀರು ಇಳಿದ ದಿನ, ಮೂರನೇ ದಿನ, ಹತ್ತನೇ ದಿನ ಮತ್ತೆ ತೆಗೀರಿ. ಪಂಚಾಯಿತಿಗೆ ಅರ್ಜಿ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ.

ಬೆಂಗಳೂರಿನಲ್ಲಿರೋ ರೋಣದ ಹುಡುಗ

ಮೇಷ್ಟ್ರೇ, ಮಾವನಿಗೆ ಫೋನ್ ಮಾಡಿದೆ. ಒಂದು ಗಂಟೆ ಮಾತಾಡಿದರು. ನೀವು ಹೇಳಿದ್ದೇ ಹೇಳಿದರು. ಜೊತೆಗೆ ಇನ್ನೊಂದು: ಆಸರೆ ಮನೆಯ ಹತ್ತಿರ ದನಕ್ಕೆ ನೀರಿನ ತೊಟ್ಟಿ ಇಲ್ಲವಂತೆ. ನಾವು ಊರಿನ ಹುಡುಗರು ಇಲ್ಲಿ ಹದಿನೈದು ಮಂದಿ ಇದ್ದೇವೆ. ತೊಟ್ಟಿ ನಾವು ಕಟ್ಟಿಸಿಕೊಡ್ತೇವೆ. ಹೊಳೆಸಾಲಿನ ಪುಸ್ತಕ ಫೋನಿನಲ್ಲೂ ಸಿಗೋ ಹಾಗೆ ಮಾಡೋ ಕೆಲಸ ನನಗೆ ಕೊಡಿ.

ಆಶಾ ಕಾರ್ಯಕರ್ತೆ, ಚಿಕ್ಕೋಡಿ ಕಡೆ

ಫೋನಿನಲ್ಲಿ ಇರಲಿ. ಆದರೆ ಕಾಗದದ್ದೂ ಎರಡು ಪ್ರತಿ ಇರಲಿ. ನೆರೆ ಬಂದಾಗ ಮೊದಲು ಹೋಗೋದು ಕರೆಂಟು, ಆಮೇಲೆ ಫೋನು.

ಹೊಳೆಸಾಲಿನ ರೈತ, ಜಮಖಂಡಿ ತಾಲ್ಲೂಕು

ಬರೋ ಭಾನುವಾರ ಊರಿನಲ್ಲಿ ಸಭೆ ಕರೆದಿದ್ದೇವೆ. ಪಂಚಾಯಿತಿಯವರು, ಎರಡು ಸ್ವಸಹಾಯ ಸಂಘದವರು, ದೋಣಿ ನಡೆಸೋರು, ಲಾವಣಿ ಮಾಡೋರು ಎಲ್ಲರೂ ಬರ್ತಾರೆ. ಕಲ್ಲುಕುಟಿಗರು ಒಬ್ಬರು ಒಪ್ಪಿದ್ದಾರೆ. ಇಂಜಿನಿಯರ್ ಸಾಹೇಬರೇ, ಒಂದು ಕೇಳೋದಿತ್ತು. ಅಳತೆ ಎಲ್ಲಿಂದ ಶುರು ಮಾಡಬೇಕು? ಸೊನ್ನೆ ಯಾವುದು?

ನಿವೃತ್ತ ಇಂಜಿನಿಯರ್, ಬಾಗಲಕೋಟೆ

ಯಾರೂ ಕಿತ್ತು ಹೊಸದಾಗಿ ಕಟ್ಟದಂಥ ಜಾಗ ನೋಡಿ. ಹಳೆಯ ಘಾಟಿನ ಕೆಳಗಿನ ಕಲ್ಲು, ಇಲ್ಲದಿದ್ದರೆ ಸೇತುವೆಯ ಕಂಬದ ಬುಡ. ಅದನ್ನು ಸೊನ್ನೆ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಮೇಲಕ್ಕೆ ಅಡಿಗೊಂದು ಗೆರೆ. ಊರೊಳಗಿನ ಗುರುತುಗಳನ್ನು ಅದೇ ಮಟ್ಟಕ್ಕೆ ತರೋಕೆ ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು ಸಾಕು. ಮೇಸ್ತ್ರಿಗಳು ಮನೆ ಕಟ್ಟೋವಾಗ ಮಟ್ಟ ಹಿಡಿಯೋದು ಅದರಲ್ಲೇ. ನಾನು ಭಾನುವಾರ ಬೆಳಿಗ್ಗೆ 8ರ ಬಸ್ಸಿಗೆ ಬರ್ತೇನೆ. ಪೈಪು ನನ್ನ ಹತ್ತಿರ ಇದೆ.

ಹೊಳೆಸಾಲಿನ ರೈತ, ಜಮಖಂಡಿ ತಾಲ್ಲೂಕು

ಬನ್ನಿ ಸಾಹೇಬರೇ, ಊಟ ನಮ್ಮ ಮನೆಯಲ್ಲೇ. ನಮ್ಮ ಪಡಸಾಲೆಯ ಗೋಡೆಯ ಮೇಲೆ 2019ರ ಕೆಸರಿನ ಗೆರೆ ಇನ್ನೂ ಇದೆ. ಆರು ವರ್ಷ ದೀಪಾವಳಿಗೆ ಸುಣ್ಣ ಬಳಿಯುವಾಗಲೂ ಅವ್ವ ಆ ಒಂದು ಗೇಣಿನಷ್ಟು ಜಾಗ ಬಿಡಿಸಿದ್ದಾಳೆ. ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಪೈಪು ಅಲ್ಲಿಂದಲೇ ಹಿಡಿಯೋಣ.